ನೆರೆ ಇಳಿದ ಮೇಲಿನ ಮಾತು: ಬೆಳ್ತಂಗಡಿ, 2019

2019ರ ಆಗಸ್ಟ್ ಎರಡನೆಯ ವಾರ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತಿತು. ಬೆಳ್ತಂಗಡಿ ತಾಲ್ಲೂಕಿನ ದಿಡುಪೆ, ಮಿತ್ತಬಾಗಿಲು, ಚಾರ್ಮಾಡಿ ಕಡೆಯ ತೋಟ, ಗದ್ದೆಗಳಿಗೆ ಮರಳು ಮತ್ತು ಮರದ ದಿಮ್ಮಿ ನುಗ್ಗಿದವು. ಕೆಳಗೆ ಬಂಟ್ವಾಳದಲ್ಲಿ ನೇತ್ರಾವತಿ 8.5 ಮೀಟರಿನ ಅಪಾಯದ ಮಟ್ಟ ದಾಟಿತು. ಅಲ್ಲಿನ ಹಿರಿಯರು ಇಂದಿಗೂ ನೆರೆಯನ್ನು ಅಳೆಯುವುದು 1923 ಮತ್ತು 1974ರ ನೀರಿನ ಮಟ್ಟದಿಂದ. ಇಂಥ ಹೊತ್ತಿನಲ್ಲಿ ಮುಂದಾಳುಗಳ ಮಾತು ಜನರಲ್ಲಿ ಧೈರ್ಯ ತುಂಬುವುದು ಹೇಗೆ? ಮಾತಿನ ಇಂಪಿಗಿಂತ, ಅದು ಕೇಳುಗರ ಕೈಗೆ ಕೊಡುವ ಲೆಕ್ಕ ಅಥವಾ ಕೆಲಸವೇ ಮುಖ್ಯ ಎಂಬುದು ಈ ಲೇಖನದ ವಾದ.

ಜುಲೈ 26ರಂದು ಅಧಿಕಾರಕ್ಕೆ ಬಂದಿದ್ದ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರಿಗೆ ಆಗಿನ್ನೂ ಸಂಪುಟವೇ ಇರಲಿಲ್ಲ. ಆಗಸ್ಟ್ 12ರಂದು ಅವರು ತಾಲ್ಲೂಕಿಗೆ ಬಂದರು. ಪೂರ್ತಿ ಮನೆ ಕಳೆದುಕೊಂಡವರಿಗೆ 5 ಲಕ್ಷ ರೂಪಾಯಿ, ಮನೆ ಏಳುವವರೆಗೆ ತಿಂಗಳಿಗೆ 5,000 ರೂಪಾಯಿ ಬಾಡಿಗೆ, ತುರ್ತಿಗೆ 10,000 ರೂಪಾಯಿ: ಆ ದಿನಗಳ ಭರವಸೆಯ ತಿರುಳು ಇದು. ಸಂತ್ರಸ್ತರು ಗ್ರಾಮಕರಣಿಕರ ಎದುರು ನಿಂತು ಬಾಯಿಬಿಟ್ಟು ಕೇಳಬಹುದಾದ ಮೊತ್ತಗಳಿವು.

ಎರಡೇ ದಿನಗಳಲ್ಲಿ, ಶಿವಮೊಗ್ಗದಲ್ಲಿ, ನೋಟು ಮುದ್ರಿಸುವ ಯಂತ್ರ ಸರ್ಕಾರದ ಬಳಿ ಇಲ್ಲವೆಂದು ಅವರೇ ಹೇಳಿದಾಗ ಟೀಕೆ ಎದ್ದಿತು. ಖಜಾನೆಯ ಮಟ್ಟಿಗೆ ಅದು ನಿಜವೇ. ಆದರೆ ಮನೆ ಕೊಚ್ಚಿಹೋದವರ ಕಿವಿಗೆ ಅದು ಹಿಂದಿನ ಭರವಸೆಯನ್ನೇ ಸಡಿಲಿಸಿದಂತೆ ಕೇಳಿಸಿತು.

ಉಜಿರೆಯಲ್ಲಿ ಹುಟ್ಟಿಕೊಂಡ ತಂಡದ ದಾರಿ ಬೇರೆ. ‘ಬದುಕು ಕಟ್ಟೋಣ ಬನ್ನಿ’ ಎಂಬ ಹೆಸರೇ ಅದರ ಭಾಷಣ, ಅದೇ ಕರೆ. ಚಾರ್ಮಾಡಿಯ ಕೊಳಂಬೆಯಲ್ಲಿ ಮನೆಗಳ ಮರುನಿರ್ಮಾಣಕ್ಕೆ ದಾನಿಗಳೂ ಶ್ರಮದಾನಿಗಳೂ ಸೇರಿಕೊಂಡರು. ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರು ಕ್ಷೇತ್ರದ ವತಿಯಿಂದ ಮುಖ್ಯಮಂತ್ರಿ ಪರಿಹಾರ ನಿಧಿಗೆ 25 ಕೋಟಿ ರೂಪಾಯಿ ಘೋಷಿಸಿದರು. ಒಂದು ಕಡೆ ಮೈಬೆವರು, ಇನ್ನೊಂದು ಕಡೆ ಹಣ. ಎರಡರಲ್ಲೂ ಕರೆಗೊಂದು ಗುರುತಿಸಬಹುದಾದ ರೂಪವಿತ್ತು.

ಇದಕ್ಕೆ ಹಳೆಯ ಹೋಲಿಕೆ ನೆರೆಯ ಮಲಬಾರಿನದು. ಮಲಬಾರ್ ಮತ್ತು ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದ ಅಕ್ಕಪಕ್ಕದ ಜಿಲ್ಲೆಗಳು. 1924ರ ಪ್ರವಾಹದ ನಂತರ ಗಾಂಧೀಜಿ ‘ಯಂಗ್ ಇಂಡಿಯಾ’, ‘ನವಜೀವನ’ ಪತ್ರಿಕೆಗಳಲ್ಲಿ ನೆರವು ಬೇಡಿದರು. ಮಕ್ಕಳೂ ಕಾಸು ಕೊಟ್ಟರು. ಕೂಡಿದ್ದು 6,994 ರೂಪಾಯಿ 13 ಆಣೆ 3 ಪೈ. ಮೂರು ಪೈಯನ್ನೂ ಬಿಡದ ಆ ಲೆಕ್ಕದಲ್ಲಿ ಚಿಕ್ಕ ದಾನಿಗೂ ತನ್ನ ಪಾಲು ಕಾಣುತ್ತಿತ್ತು.

ಹಾಗೆಂದು ಸಮುದಾಯದ ಕರೆ ಸರ್ಕಾರದ ಮಾತಿಗೆ ಬದಲಿಯಲ್ಲ. ಗದ್ದೆಯ ಮರಳನ್ನು ಶ್ರಮದಾನದಿಂದ ತೆಗೆಯಬಹುದು. ಹೆದ್ದಾರಿಯ ತಡೆಗೋಡೆ ಕಟ್ಟಲು ಇಲಾಖೆಯೇ ಬರಬೇಕು. ಚಾರ್ಮಾಡಿ ಘಾಟಿಯಲ್ಲಿ ಭಾರಿ ವಾಹನಗಳ ಮೇಲಿನ ನಿರ್ಬಂಧ ನೆರೆ ಇಳಿದು ತಿಂಗಳುಗಳಾದರೂ ಮುಂದುವರಿದಿತ್ತು. ಆ ವಾರದ ಭಾಷಣಗಳನ್ನು ತೂಗುವವರು ಈ ತಿಂಗಳುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.