ಉಳಿತಾಯವೂ ಅನ್ಯಾಯವಾದೀತು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಮನೆವಾರ್ತೆಗೆ ಮಾತ್ರವಲ್ಲ, ಸರ್ಕಾರದ ಆಯವ್ಯಯಕ್ಕೂ ಅನ್ವಯಿಸುವುದು ರೂಢಿ. ಆದರೆ ಮುಂಬಯಿಯ ಚರಿತ್ರೆಯನ್ನು ನೋಡಿದರೆ, ಸರ್ಕಾರದ ಮಿತವ್ಯಯವೆಂದರೇನು ಎಂಬುದರ ಅರ್ಥವೇ ಕಾಲಕಾಲಕ್ಕೆ ಬದಲಾಗಿರುವುದು ಕಾಣುತ್ತದೆ.

1902ರ ಮಾರ್ಚ್ 26ರಂದು, ಕಲ್ಕತ್ತೆಯಲ್ಲಿ ಸೇರಿದ್ದ ವೈಸರಾಯರ ಶಾಸನ ಪರಿಷತ್ತಿನಲ್ಲಿ ಮುಂಬಯಿ ಪ್ರಾಂತದ ಪ್ರತಿನಿಧಿ ಗೋಪಾಲ ಕೃಷ್ಣ ಗೋಖಲೆಯವರು ತಮ್ಮ ಮೊದಲ ಬಜೆಟ್ ಭಾಷಣ ಮಾಡಿದರು. ಸರ್ಕಾರ 7 ಕೋಟಿ ರೂಪಾಯಿಗಳ ಉಳಿತಾಯ ತೋರಿಸಿತ್ತು. ಗೋಖಲೆಯವರು ಅದನ್ನು ಅಭಿನಂದಿಸಲು ಒಪ್ಪಲಿಲ್ಲ. ರೂಪಾಯಿಯ ಬೆಲೆ 1 ಶಿಲಿಂಗ್ 4 ಪೆನ್ಸಿಗೆ ಏರಿ ನಿಂತದ್ದರಿಂದ ಲಂಡನ್ನಿಗೆ ಕಳಿಸುವ ಹಣದ ಹೊರೆ ತಗ್ಗಿತ್ತು. ರೂಪಾಯಿ ಕುಸಿದಿದ್ದಾಗ ಹೆಚ್ಚಿಸಿದ ತೆರಿಗೆಗಳು ಮಾತ್ರ ಹಾಗೆಯೇ ಉಳಿದಿದ್ದವು. ಬರದಿಂದ ಬಳಲಿದ ಜನರಿಂದ ಅಗತ್ಯಕ್ಕಿಂತ ಹೆಚ್ಚು ಕಿತ್ತುಕೊಂಡ ಹಣವೇ ಈ ಉಳಿತಾಯವೆಂಬುದು ಅವರ ವಾದ. ಅಂದು ಇದೇ ಪ್ರಾಂತಕ್ಕೆ ಸೇರಿದ್ದ ಧಾರವಾಡ, ವಿಜಾಪುರಗಳ ರೈತನಿಗೂ ಇದು ಸಂಬಂಧಿಸಿದ ಮಾತು. ಮಣಕ್ಕೆ ಎರಡೂವರೆ ರೂಪಾಯಿಯಿದ್ದ ಉಪ್ಪಿನ ತೆರಿಗೆ 1903ರಲ್ಲಿ 2 ರೂಪಾಯಿಗೂ 1907ರ ಹೊತ್ತಿಗೆ 1 ರೂಪಾಯಿಗೂ ಇಳಿಯಿತು.

1944ರಲ್ಲಿ ಜೆ.ಆರ್.ಡಿ. ಟಾಟಾ, ಪುರುಷೋತ್ತಮದಾಸ್ ಠಾಕೂರ್‌ದಾಸ್ ಮೊದಲಾದ ಎಂಟು ಜನ 'ಬಾಂಬೆ ಯೋಜನೆ'ಯನ್ನು ಪ್ರಕಟಿಸಿದರು. ಹದಿನೈದು ವರ್ಷಗಳಲ್ಲಿ 10,000 ಕೋಟಿ ರೂಪಾಯಿಗಳ ವೆಚ್ಚ; ಅದರಲ್ಲಿ 3,400 ಕೋಟಿ ಹೊಸದಾಗಿ ಸೃಷ್ಟಿಸಬೇಕಾದ ಹಣ! ಜಮಾಖರ್ಚಿನಲ್ಲಿ ಪಳಗಿದ ಉದ್ಯಮಿಗಳೇ, ದೇಶ ಕಟ್ಟಲು ಕೊರತೆ ಅನಿವಾರ್ಯವೆಂದು ಹೇಳಿದ್ದರು.

ಮುಂದೆ ಈ ಅನುಕೂಲವೇ ಅಭ್ಯಾಸವಾಯಿತು. ಕೇಂದ್ರದ ಖಜಾನೆ ಬರಿದಾದಾಗಲೆಲ್ಲ ಮುಂಬಯಿಯ ರಿಸರ್ವ್ ಬ್ಯಾಂಕು ತಾತ್ಕಾಲಿಕ ಹುಂಡಿಗಳನ್ನು ಪಡೆದು ತಾನಾಗಿಯೇ ಹಣ ತುಂಬುತ್ತಿತ್ತು. 1994ರ ಒಪ್ಪಂದದಂತೆ 1997ರ ಏಪ್ರಿಲ್‌ನಲ್ಲಿ ಈ ಪದ್ಧತಿ ನಿಂತಿತು. ಈಗ ಮಿತವ್ಯಯವೆಂದರೆ ಸರ್ಕಾರ ತನ್ನ ಕೈಗೆ ತಾನೇ ಹಾಕಿಕೊಂಡ ಕಟ್ಟು. 2003ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ರಾಜಸ್ವ ಕೊರತೆಯನ್ನು, ಅಂದರೆ ಸಂಬಳ, ಬಡ್ಡಿಯಂಥ ನಿತ್ಯದ ಖರ್ಚಿಗೆ ಮಾಡುವ ಸಾಲವನ್ನು, ನೀಗಿಸುವ ಗುರಿಯಿಟ್ಟಿತು. 2018ರ ತಿದ್ದುಪಡಿ ಆ ಗುರಿಯನ್ನೇ ಕೈಬಿಟ್ಟು, ಒಟ್ಟು ಕೊರತೆಗೆ ಶೇ. 3ರ ಮಿತಿಯನ್ನು ಉಳಿಸಿಕೊಂಡಿತು.

ನನ್ನಂಥ ಕೇಂದ್ರ ನೌಕರನ ಸಂಬಳವೂ ಆ ನಿತ್ಯದ ಖರ್ಚಿನಲ್ಲೇ ಸೇರಿದೆ; ಆದ್ದರಿಂದ ಇದನ್ನು ಹೇಳುವಾಗ ಸಂಕೋಚವಿದೆ. ಆದರೂ ಹೇಳಬೇಕು: ರೈಲು ಹಳಿಗೆ ಮಾಡಿದ ಸಾಲವೂ ತಿಂಗಳ ಸಂಬಳಕ್ಕೆ ಮಾಡಿದ ಸಾಲವೂ ಒಂದೇ ಅಂಕಿಯಲ್ಲಿ ಕರಗಿಹೋದರೆ, ಗೋಖಲೆಯವರು ಕೇಳಿದ ಪ್ರಶ್ನೆಯನ್ನು ನಾವು ಕೇಳಲಾರೆವು. ಲೆಕ್ಕ ಸರಿದೂಗಿತೇ ಎಂಬುದಷ್ಟೇ ಅವರ ಪ್ರಶ್ನೆಯಾಗಿರಲಿಲ್ಲ. ಯಾರಿಂದ ಪಡೆದು, ಯಾತಕ್ಕೆ ವ್ಯಯಿಸಿ ಸರಿದೂಗಿತು ಎಂಬುದಾಗಿತ್ತು.