ಬೆಟ್ಟವೇರಿದವರ ಹೆಸರುಗಳು

ಪಂಚಕಲ್ಯಾಣ ಮಹೋತ್ಸವದಲ್ಲಿ ಜನ್ಮಾಭಿಷೇಕಕ್ಕೆಂದು ಪಾಂಡುಕಶಿಲೆಯನ್ನು ರಚಿಸುವುದು ಪೂರ್ವದಿಂದ ಬಂದ ವಾಡಿಕೆ. ಅದು ಮೇರುಪರ್ವತದ ಪ್ರತೀಕ. ಆ ಪರ್ವತವನ್ನು ಕಣ್ಣಾರೆ ಕಂಡು ಬಂದವರು ಯಾರೂ ಇಲ್ಲ. ಆದರೂ ಅದರ ಎತ್ತರ, ವಿಸ್ತಾರ, ವನಗಳು, ಶಿಲೆಗಳು ಶ್ರಾವಕರಿಗೆ ಬಾಯಿಪಾಠ. ಕಾಣದ ಪರ್ವತದ ಮಾತು ಹಾಗಿರಲಿ. ಕಂಡ ಪರ್ವತಗಳನ್ನು, ಕಾಲಿನಿಂದ ಏರಿದ ಪರ್ವತಗಳನ್ನು ಕುರಿತು ಹಿಂದಿನವರು ಏನನ್ನು ಉಳಿಸಿಹೋದರು, ಆ ಬೆಟ್ಟಗಳನ್ನು ಯಾರು ಕಾಪಾಡಿಕೊಂಡು ಬಂದರು ಎಂಬುದು ಈ ಲೇಖನದ ವಿಷಯ.

ತಂಬ್ರಹಳ್ಳಿಯ ಸೀಮೆ ಮಹಾಪರ್ವತಗಳ ಸೀಮೆಯಲ್ಲ. ಜೋಳ ಶೇಂಗಾಗಳ ಬಯಲು, ನಡುನಡುವೆ ಬಂಡೆಗಲ್ಲಿನ ಗುಡ್ಡಗಳು, ಒಂದು ಮಗ್ಗುಲಿಗೆ 1953ರಿಂದೀಚೆಗೆ ನಿಂತ ತುಂಗಭದ್ರಾ ಜಲಾಶಯದ ಹಿನ್ನೀರು. ಇಲ್ಲಿ ಬಂಡೆಯೇ ದೇವರಿಗೆ ಪೀಠ. ಬಂಡೆ ರಂಗನಾಥನ ಹೆಸರೇ ಅದಕ್ಕೆ ಸಾಕ್ಷಿ. ಇಂತಹ ಬಯಲಿನ ಜನರಿಗೆ ಬೆಟ್ಟವೆಂದರೆ ಹೊರಟು ಹೋಗಿ ನೋಡಬೇಕಾದ ವಸ್ತು. ಹಾಗೆ ಹೊರಟವರಿಗೆ ಮೊದಲು ಎದುರಾಗುತ್ತಿದ್ದ ಬೆಟ್ಟ ದೂರದ್ದಲ್ಲ. ನದಿಯನ್ನು ದಾಟಿ ಉತ್ತರಕ್ಕೆ ನಡೆದರೆ ಕೊಪಣ, ಅಂದರೆ ಇಂದಿನ ಕೊಪ್ಪಳ.

ಕೊಪಣದ ಹೆಸರು ಒಂದು ಕಾಲಕ್ಕೆ ಎಷ್ಟು ದೊಡ್ಡದಾಗಿತ್ತೆಂಬುದನ್ನು ಇಂದು ಅಲ್ಲಿನ ಬೆಟ್ಟದ ಬುಡದಲ್ಲಿ ನಿಂತು ಊಹಿಸುವುದು ಕಷ್ಟ. 9ನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. 993ರಲ್ಲಿ ಅಜಿತಪುರಾಣವನ್ನು ರಚಿಸಿದ ರನ್ನನು ದಾನಚಿಂತಾಮಣಿ ಅತ್ತಿಮಬ್ಬೆಯ ನಡತೆ ಎಷ್ಟು ನಿರ್ಮಲವೆಂದು ಹೇಳಲು ಹೊರಟಾಗ ಗಂಗಾಜಲದೊಡನೆ ಕೊಪಣಾಚಲವನ್ನೂ ಉಪಮಾನವಾಗಿ ತಂದನು. ಹೊಯ್ಸಳರ ದಂಡನಾಯಕ ಗಂಗರಾಜನು ಗಂಗವಾಡಿಯ ಬಸದಿಗಳನ್ನು ಜೀರ್ಣೋದ್ಧಾರ ಮಾಡಿದಾಗ, ಶಾಸನಕವಿಗೆ ಅವನನ್ನು ಹೊಗಳಲು ಸಿಕ್ಕ ಮಾತೂ ಇದೇ: ಗಂಗವಾಡಿಯೆಲ್ಲ ಕೊಪಣದಂತೆ ಆಯಿತೆಂಬುದು. ಅದೇ ರಾಜ್ಯದ ಭಂಡಾರಿ ಹುಳ್ಳನು ಶ್ರವಣಬೆಳಗೊಳದಲ್ಲಿ ಭಂಡಾರಿ ಬಸದಿಯನ್ನು ಕಟ್ಟಿಸಿದವನು. ಅವನೂ ಕೊಪಣದ ಮುನಿಸಂಘಕ್ಕೆ ದತ್ತಿಯನ್ನು ಏರ್ಪಡಿಸಿದನು. ಬೆಳಗೊಳದವರು ಕೊಪಣವನ್ನು ನೋಡಿ ಅಳೆಯುತ್ತಿದ್ದ ಕಾಲ ಅದು. ಕೊಪಣದಲ್ಲಿ 772 ಬಸದಿಗಳಿದ್ದುವೆಂಬ ಐತಿಹ್ಯವಿದೆ. ಸಂಖ್ಯೆ ಹೆಚ್ಚಾಯಿತೆಂದು ಕಳೆದು ನೋಡಿದರೂ ಉಳಿಯುವುದು ಕಡಿಮೆಯಲ್ಲ.

ಕೊಪ್ಪಳದ ಪಶ್ಚಿಮಕ್ಕಿರುವ ಪಾಲ್ಕಿಗುಂಡು ಎಂಬ ಬೆಟ್ಟ ನೋಡತಕ್ಕದ್ದು. ನೆತ್ತಿಯ ಮೇಲೆ ಎರಡು ಬಂಡೆಗಳು, ಅವುಗಳ ಮೇಲೆ ಪಲ್ಲಕ್ಕಿಯ ಚಾವಣಿಯಂತೆ ಮಲಗಿರುವ ಹಾಸುಬಂಡೆ. ಹೆಸರು ಬಂದದ್ದು ಅದರಿಂದ. ಅಲ್ಲಿಯ ಅಶೋಕನ ಶಾಸನವನ್ನು ಗುರುತಿಸಿದ್ದು 1931ರಲ್ಲಿ. ಅದೇ ಬೆಟ್ಟದಲ್ಲಿ ಕಲ್ಲಿನಲ್ಲಿ ಕೊರೆದ ಒಂದು ಜೊತೆ ಪಾದಗಳಿವೆ, ಪಕ್ಕದಲ್ಲಿ ಎರಡು ಸಾಲಿನ ಹಳಗನ್ನಡ ಬರಹ. ಜಟಾಸಿಂಹನಂದ್ಯಾಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಮಾಡಿಸಿದನೆಂಬುದು ಅದರ ತಾತ್ಪರ್ಯ. ವರಾಂಗಚರಿತವೆಂಬ ಸಂಸ್ಕೃತ ಕಾವ್ಯವನ್ನು ಬರೆದ ಆ ಮಹಾಮುನಿಯು ಈ ಬೆಟ್ಟದ ಮೇಲೆ ಸಮಾಧಿಮರಣವನ್ನು ಪಡೆದಿರಬೇಕೆಂದು ವಿದ್ವಾಂಸರು ತರ್ಕಿಸಿದ್ದಾರೆ. ಚಕ್ರವರ್ತಿಯು ತಾನು ಏರದ ಬೆಟ್ಟದ ಮೇಲೆ ಆಜ್ಞೆಯನ್ನು ಬರೆಸಿದನು. ಚಾವಯ್ಯನು ಗುರುಗಳು ನಿಂತ ನೆಲವನ್ನು ಗುರುತಿಟ್ಟನು. ಚಾವಯ್ಯನು ಯಾವ ಊರಿನವನು, ಯಾವ ವೃತ್ತಿಯವನು ಎಂಬುದಕ್ಕೆ ಅಲ್ಲಿ ಒಂದಕ್ಷರವೂ ಇಲ್ಲ. ಎರಡು ಸಾಲು ಕೊರೆಸಲು ಎಷ್ಟು ಹೊನ್ನು ಬೇಕಾಯಿತೋ ಅಷ್ಟೇ ಅವನ ಬಂಡವಾಳವಾಗಿದ್ದರೂ ಇರಬಹುದು.

ಅಂತಹ ಕೊಪಣ ಈಗ ತೀರ್ಥವಾಗಿ ಉಳಿದಿಲ್ಲ. ನಿಜಾಮರ ಕಾಲದಲ್ಲಿ ಅದು ಸಾಲಾರ್‌ಜಂಗರ ಜಹಗೀರಾಗಿತ್ತು. ಕೊಪಣದ ಕೆಲವು ಜಿನಮೂರ್ತಿಗಳು ಹೈದರಾಬಾದಿನ ಅವರ ಸಂಗ್ರಹವನ್ನು ಸೇರಿದುವು. ಬಸದಿಗಳ ಕಲ್ಲುಗಳು ಬೇರೆಬೇರೆ ಕಟ್ಟಡಗಳಲ್ಲಿ ಕರಗಿಹೋದುವು. ಆಳಿದವರನ್ನು ಮಾತ್ರ ಇದಕ್ಕೆ ಹೊಣೆ ಮಾಡುವುದು ಸರಿಯಲ್ಲ. ಬೆಟ್ಟವನ್ನು ಏರುವವರೇ ನಿಂತುಹೋದ ಮೇಲೆ ಅದನ್ನು ಕಾಯುವವರು ಎಲ್ಲಿಂದ ಬಂದಾರು?

ಬೆಳಗೊಳದ ಕಥೆ ಬೇರೆ. ಅಲ್ಲಿ ಎದುರುಬದುರಾಗಿ ಎರಡು ಬೆಟ್ಟಗಳು. ದೊಡ್ಡಬೆಟ್ಟವಾದ ವಿಂಧ್ಯಗಿರಿಯು ಸಮುದ್ರಮಟ್ಟದಿಂದ 3,347 ಅಡಿ, ನೆಲದಿಂದ ಸುಮಾರು 470 ಅಡಿ ಎತ್ತರ. ಚಿಕ್ಕಬೆಟ್ಟವಾದ ಚಂದ್ರಗಿರಿ ಇನ್ನೂ ಗಿಡ್ಡ. ಎತ್ತರವನ್ನೇ ಲೆಕ್ಕ ಹಿಡಿದರೆ ಸಂಡೂರಿನ ಗುಡ್ಡಗಳ ಎದುರು ಇವು ಹೇಳಿಕೊಳ್ಳುವಂತಹವಲ್ಲ. ಆದರೆ ಏರಿದವರ ಹೆಸರುಗಳನ್ನು ಇವುಗಳಂತೆ ಕಾಪಾಡಿಕೊಂಡ ಬೆಟ್ಟಗಳು ಭರತಖಂಡದಲ್ಲಿ ವಿರಳ. ಬಿ. ಎಲ್. ರೈಸ್ ಅವರು 1889ರಲ್ಲಿ ಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು 500ಕ್ಕೆ ಏರಿಸಿದರು. 1973ರ ಪರಿಷ್ಕೃತ ಸಂಪುಟದಲ್ಲಿ 573 ಇವೆ.

ಚಿಕ್ಕಬೆಟ್ಟದ ಹಳೆಯ ಹೆಸರು ಕಟವಪ್ರ, ಕಳ್ಬಪ್ಪು. ಅದನ್ನು ಮೊದಲು ಏರಿದವರು ಇಳಿದು ಬರುವ ಉದ್ದೇಶದಿಂದ ಏರಿದವರಲ್ಲ. ಸುಮಾರು ಕ್ರಿ. ಶ. 600ರ ಶಾಸನವೊಂದು ಉತ್ತರದಿಂದ ಸಂಘ ಬಂದುದನ್ನೂ ಪ್ರಭಾಚಂದ್ರ ಮುನಿಗಳ ಸಮಾಧಿಯನ್ನೂ ಅನಂತರ ಅದೇ ಬೆಟ್ಟದಲ್ಲಿ ಕಾಲಕ್ರಮದಲ್ಲಿ ಸಿದ್ಧಿಪಡೆದ 700 ಋಷಿಗಳನ್ನೂ ಸ್ಮರಿಸುತ್ತದೆ. ಮುಂದೆ 7, 8ನೆಯ ಶತಮಾನಗಳ ಪುಟ್ಟಪುಟ್ಟ ಬರಹಗಳು ಬಂಡೆಯ ಮೇಲೆ ಸಾಲುಸಾಲಾಗಿವೆ. ಮುನಿಗಳ ಜೊತೆಗೆ ಕಂತಿಯರ ಹೆಸರುಗಳೂ ಅಲ್ಲಿವೆ. ಇವುಗಳ ನಡುವೆ ಒಬ್ಬ ರಾಜನೂ ಸೇರಿದ್ದಾನೆ. ರಾಷ್ಟ್ರಕೂಟರ ರಾಜ್ಯವು ಕೈತಪ್ಪಿದ ಮೇಲೆ ಆ ವಂಶದ ನಾಲ್ಕನೆಯ ಇಂದ್ರನು ಬೆಳಗೊಳಕ್ಕೆ ಬಂದು 982ರಲ್ಲಿ ಸಲ್ಲೇಖನ ವ್ರತದಿಂದ ದೇಹವಿಟ್ಟನು. ಅವನ ಶಾಸನವು ಚಂದ್ರಗಿರಿಯಲ್ಲಿದೆ. ವಿಚಿತ್ರವೆಂದರೆ, ಆ ಶಾಸನದ ಬಹುಭಾಗ ಅವನು ಕುದುರೆಯೇರಿ ಚೆಂಡಾಟ ಆಡುವುದರಲ್ಲಿ ಎಂತಹ ನಿಪುಣನಾಗಿದ್ದನೆಂಬ ವರ್ಣನೆಗೇ ಮೀಸಲಾಗಿದೆ. ಸಿಂಹಾಸನ ಹೋಯಿತು, ಚೆಂಡಾಟದ ಕೀರ್ತಿ ಉಳಿಯಿತು. ವೈರಾಗ್ಯದ ಬೆಟ್ಟದ ಮೇಲೆ ಇದೇಕೆಂದು ಯಾರಾದರೂ ಕೇಳಿದರೆ, ಬರೆಯಿಸಿದವರು ಅವನನ್ನು ಪ್ರೀತಿಸಿದ್ದರೆಂದು ಮಾತ್ರ ಉತ್ತರ ಹೇಳಬಹುದು.

981ರಲ್ಲಿ ಚಾವುಂಡರಾಯನು ಗೊಮ್ಮಟೇಶ್ವರನನ್ನು ಪ್ರತಿಷ್ಠಾಪಿಸಿದ ಮೇಲೆ ನೋಡಿ ಬರುವವರ ಸಂದಣಿ ಹೆಚ್ಚಿತು. ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ ಎಂಬ ಬರಹವಿದೆ. ಅದು ರನ್ನನದೇ ಎಂಬುದು ಬಹುಮಂದಿ ವಿದ್ವಾಂಸರ ಮತ. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ಕವಿಯು ವಿದ್ಯೆಯನ್ನರಸಿ ದಕ್ಷಿಣಕ್ಕೆ ಬಂದು, ಬೆಟ್ಟವನ್ನೇರಿ ತನ್ನ ಬಿರುದನ್ನು ಕಲ್ಲಿಗೆ ಒಪ್ಪಿಸಿ ಹೋದನೆಂದು ಎಣಿಸಬಹುದು. ಇಂದು ಸ್ಮಾರಕದ ಮೇಲೆ ಹೆಸರು ಕೆತ್ತುವುದು ಕಾನೂನಿನಂತೆ ಅಪರಾಧ, ಆಗಬೇಕಾದುದೂ ಹೌದು. ಆ ಕವಿಗೊಬ್ಬನಿಗೆ ರಿಯಾಯಿತಿ ಸಲ್ಲಲಿ.

ಆದರೆ ಬೆಳಗೊಳವನ್ನೇರಿದವರಲ್ಲಿ ಅತ್ತಿಮಬ್ಬೆಯ ಏರಿಕೆಗೆ ಸಮನಾದುದು ಇಲ್ಲ. ಲಕ್ಕುಂಡಿಯ 1007ರ ಶಾಸನವು ಅದನ್ನು ಹೇಳುತ್ತದೆ. ಗೊಮ್ಮಟದೇವನ ದರ್ಶನವಾಗುವ ತನಕ ಅನ್ನವನ್ನು ಮುಟ್ಟೆನೆಂದು ವ್ರತ ತೊಟ್ಟು ಆಕೆ ಹೊರಟಳು. ಬೆಟ್ಟವನ್ನೇರಿದಾಗ ಅಕಾಲದಲ್ಲಿ ಮಳೆ ಸುರಿದು ಆಯಾಸವನ್ನು ಪರಿಹರಿಸಿತು. ಲಕ್ಕುಂಡಿಯಿಂದ ಬೆಳಗೊಳಕ್ಕೆ ಇರುವ ದೂರವನ್ನೂ ಅಂದಿನ ದಾರಿಗಳನ್ನೂ ಬಲ್ಲವರಿಗೆ ಆ ವ್ರತದ ಭಾರ ತಿಳಿದೀತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ, ಬಸದಿಗಳನ್ನು ಕಟ್ಟಿಸಿದ ಶ್ರೀಮಂತೆ ಆಕೆ. ಬೆಟ್ಟದ ಬುಡದಲ್ಲಿ ಆಕೆಯ ಬಳಿ ಇದ್ದುದು ಹಸಿವು ಮತ್ತು ದಣಿವು ಮಾತ್ರ. ಮಳೆಯ ಮಹಿಮೆಯನ್ನು ನಂಬುವವರು ನಂಬಲಿ, ನಂಬದವರು ಬಿಡಲಿ. ಒಬ್ಬ ಹೆಣ್ಣುಮಗಳು ದಣಿದು ಬೆಟ್ಟವೇರಿದ್ದನ್ನು ಕಲ್ಲಿನ ಮೇಲೆ ಬರೆಯಬೇಕೆಂದು ಆ ಕಾಲಕ್ಕೆ ತೋರಿದ್ದೇ ದೊಡ್ಡ ಮಾತು.

ಉತ್ತರ ದೇಶದ ಯಾತ್ರಿಕರು 17, 18ನೆಯ ಶತಮಾನಗಳಲ್ಲಿ ಬಂದು ಬರೆಸಿದ ಸಾಲುಗಳೂ ಬೆಳಗೊಳದಲ್ಲಿ ಹಲವು. ಭಾಷೆ ಮಾರವಾಡಿ, ಕೆಲವದರ ಲಿಪಿ ಮಹಾಜನಿ. ಸ್ವರಚಿಹ್ನೆಗಳನ್ನು ಬಿಟ್ಟು ವೇಗವಾಗಿ ಬರೆಯುವ ಖಾತೆಪುಸ್ತಕದ ಲಿಪಿ ಅದು. ಅಂಗಡಿಯಲ್ಲಿ ಜಮಾ ಖರ್ಚು ಬರೆದ ಕೈಯೇ ಯಾತ್ರೆಯ ಜಮೆಯನ್ನೂ ಬರೆಯಿತು! ಊರು, ಹೆಸರು, ಬಂದ ತಿಥಿ. ಅದರಿಂದಾಚೆಗೆ ಒಂದು ಮಾತಿಲ್ಲ.

ಹೀಗೆ ಏರಿದವರ ಲೆಕ್ಕವೊಂದು. ಕಾಯ್ದವರ ಲೆಕ್ಕ ಇನ್ನೊಂದು. ಅದು 1368ರ ಬುಕ್ಕರಾಯನ ಶಾಸನದಲ್ಲಿ ಸಿಕ್ಕುತ್ತದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿದಾಗ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣವೇ ಮೊದಲಾದ ನಾಡುಗಳ ಭವ್ಯಜನರು ಅರಸನಲ್ಲಿ ಮೊರೆಯಿಟ್ಟರು. ಅರಸನು ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ವಿಧಿಸಿದನು. ಈ ಸಂಗತಿಯನ್ನು ಪಾಠಪುಸ್ತಕಗಳೂ ಹೇಳುತ್ತವೆ. ಆದರೆ ಶಾಸನದ ಮುಂದಿನ ಭಾಗವನ್ನು ಗಮನಿಸುವವರು ಕಡಿಮೆ. ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡತಕ್ಕದ್ದು. ತಿರುಮಲೆಯ ತಾತಯ್ಯನವರು ಅದನ್ನು ಪಡೆದು ಬೆಳಗೊಳದ ದೇವರ ಅಂಗರಕ್ಷೆಗೆ 20 ಮಂದಿ ಆಳುಗಳನ್ನಿಡತಕ್ಕದ್ದು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದು. ಜಿನಬೆಟ್ಟದ ಕಾವಲಿನ ಹೊಣೆ ವೈಷ್ಣವ ಗುರುವಿನದು, ವೆಚ್ಚ ಜೈನ ಗೃಹಸ್ಥರದು. ಆನೆಗೊಂದಿಯ ಹೆಸರು ಅಲ್ಲಿ ಮೊದಲೇ ಬಂದಿರುವುದರಿಂದ ಈ ತುಂಗಭದ್ರೆಯ ದಡದ ಮನೆಗಳ ಹಣವೂ ಆ ಬೆಟ್ಟಕ್ಕೆ ಸಂದಿತೆಂದು ಧಾರಾಳವಾಗಿ ಹೇಳಬಹುದು. ಅವರಲ್ಲಿ ಎಷ್ಟು ಮಂದಿ ತಮ್ಮ ಜೀವಮಾನದಲ್ಲಿ ಅದನ್ನು ಏರಿದ್ದರೋ! ಏರದವರೂ ಕೊಟ್ಟರು.

ಸಣ್ಣ ಕೈಗಳ ದಾನದಿಂದ ದೊಡ್ಡ ಸೇವೆ ನಡೆಸುವ ಈ ಪದ್ಧತಿ ಈ ಸೀಮೆಗೆ ಹೊಸದಲ್ಲ. ಗಂಗರ ದುರ್ವಿನೀತನು ಕಟ್ಟಿಸಿದನೆಂದು 1055ರ ಶಾಸನವು ಹೇಳುವ ಕೋಗಳಿಯ ಬಸದಿ ಹತ್ತಿರದಲ್ಲಿಯೇ ಇದೆ. ಅಲ್ಲಿಯ 13ನೆಯ ಶತಮಾನದ ಶಾಸನವೊಂದು ಚೆನ್ನಪಾರ್ಶ್ವದೇವರ ನಿತ್ಯಾಭಿಷೇಕಕ್ಕೆ ಹೊನ್ನು ಕೊಟ್ಟ ಭಕ್ತರ ಹೆಸರುಗಳನ್ನು ಪಟ್ಟಿ ಮಾಡಿದೆ. ಇಂದು ಪ್ರತಿಷ್ಠೆಯ ಕಾಲದಲ್ಲಿ ಗೋಡೆಗೆ ಹಾಕುವ ಅಮೃತಶಿಲೆಯ ಫಲಕಗಳ ಪೂರ್ವಜ ಅದು.

ತೀರ್ಥಂಕರರು ಮುಕ್ತಿಪಡೆದ ಪರ್ವತಗಳೆಲ್ಲ ಉತ್ತರದಲ್ಲಿವೆ. ಆದಿನಾಥರದು ಕೈಲಾಸ, ನೇಮಿನಾಥರದು ಊರ್ಜಯಂತ ಅಥವಾ ಗಿರಿನಾರ್. 20 ಮಂದಿ ತೀರ್ಥಂಕರರದು ಸಮ್ಮೇದಶಿಖರ. ಕನ್ನಡ ನಾಡಿನವರಿಗೆ ಇವು ಬಹುಕಾಲ ಪುರಾಣದಲ್ಲಿ ಕೇಳುವ ಹೆಸರುಗಳಾಗಿದ್ದುವು. ರೈಲು ಬಂದ ಮೇಲೆ ಸಾಮಾನ್ಯ ಗೃಹಸ್ಥರೂ ಸಮ್ಮೇದಕ್ಕೆ ಹೋಗಿಬರುವಂತಾಯಿತು. ಇಂದಿನ ಝಾರ್ಖಂಡದಲ್ಲಿ, ಪಾರಸನಾಥ ನಿಲ್ದಾಣದಲ್ಲಿಳಿದು ಮಧುಬನವನ್ನು ಸೇರಿದರೆ ಬೆಟ್ಟದ ಬುಡ. ಎತ್ತರ ಸುಮಾರು 4,480 ಅಡಿ. ಏರಲು 9, ಮೇಲೆ ಟೋಂಕಿನಿಂದ ಟೋಂಕಿಗೆ ಸುತ್ತಲು 9, ಇಳಿಯಲು 9, ಒಟ್ಟು 27 ಕಿಲೋಮೀಟರು. ಯಾತ್ರಿಕರು ನಡುರಾತ್ರಿ ಕಳೆದ ಮೇಲೆ ಬರಿಗಾಲಿನಲ್ಲಿ ಕೋಲು ಹಿಡಿದು ಹೊರಡುತ್ತಾರೆ. ಆಗದವರನ್ನು ಡೋಲಿಯವರು ಹೊತ್ತು ಏರಿಸುತ್ತಾರೆ. ಗೌತಮಸ್ವಾಮಿಗಳ ಟೋಂಕಿನಿಂದ ಹಿಡಿದು ಕೊನೆಗೆ ಪಾರ್ಶ್ವನಾಥರ ಶಿಖರವನ್ನು ಮುಟ್ಟಿ ಇಳಿಯುವ ಹೊತ್ತಿಗೆ ಹಗಲು ಬಹಳ ಏರಿರುತ್ತದೆ. ಬೆಟ್ಟದ ಮೇಲೆ ಉಣ್ಣದೆ ಇಳಿದು ಬರುವವರು ಇಂದಿಗೂ ಇದ್ದಾರೆ.

ಈ ಬೆಟ್ಟವನ್ನು ಕಾಯುವುದು ಏರುವುದಕ್ಕಿಂತ ಪ್ರಯಾಸವಾಯಿತು. 1891ರ ಸುಮಾರಿಗೆ ಒಬ್ಬ ಆಂಗ್ಲ ತೋಟಗಾರನು ಅಲ್ಲಿ ಹಂದಿಯ ಕೊಬ್ಬು ತೆಗೆಯುವ ಕಾರ್ಖಾನೆಯನ್ನು ಹೂಡಿದನು. ಜೈನರು ಕಲ್ಕತ್ತೆಯ ಹೈಕೋರ್ಟಿನವರೆಗೆ ಹೋಗಿ ಅದನ್ನು ನಿಲ್ಲಿಸಿದರು. 1907ರ ಸುಮಾರಿಗೆ ಬೆಟ್ಟದ ಮೇಲೆ ಯುರೋಪಿಯನ್ನರ ವಾಸಕ್ಕೆ ಬಂಗಲೆಗಳನ್ನು ಕಟ್ಟುವ ಪ್ರಸ್ತಾಪ ಬಂದು, ವಿರೋಧದಿಂದ ಬಿದ್ದುಹೋಯಿತು. ಜೈನರ ಎರಡು ಪಂಥಗಳ ನಡುವಿನ ವ್ಯಾಜ್ಯಗಳೂ ನ್ಯಾಯಾಲಯಗಳನ್ನು ಕಂಡಿವೆ. ಮಂಗಳಕಾರ್ಯದ ಸಂಚಿಕೆಯಲ್ಲಿ ಅವನ್ನು ವಿಸ್ತರಿಸುವ ಅಗತ್ಯವಿಲ್ಲ. 2019ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರದ ಅಧಿಸೂಚನೆಯೊಂದು ಸುತ್ತಲಿನ ಪ್ರದೇಶದಲ್ಲಿ ಪರಿಸರ ಪ್ರವಾಸೋದ್ಯಮಕ್ಕೆ ಅವಕಾಶ ಕೊಟ್ಟಿತ್ತು. 2022ರ ಕೊನೆಯಲ್ಲಿ ದೇಶದ ಅನೇಕ ನಗರಗಳಲ್ಲಿ ಜೈನರು ಮೌನ ಮೆರವಣಿಗೆ ನಡೆಸಿದರು, ಅಂಗಡಿ ಮುಂಗಟ್ಟುಗಳನ್ನು ಮುಚ್ಚಿದರು. 2023ರ ಜನವರಿ 5ರಂದು ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳಿಗೆ ಸರ್ಕಾರವು ತಡೆ ಹಾಕಿತು. ಮದ್ಯ, ಮಾಂಸಗಳ ನಿಷೇಧವನ್ನು ಕಟ್ಟುನಿಟ್ಟಾಗಿ ನಡೆಸಬೇಕೆಂದೂ ಸೂಚಿಸಿತು.

ಅದೇ ಬೆಟ್ಟವು ಸಂತಾಲ ಜನರಿಗೆ ಮರಾಂಗ್ ಬುರು, ಅಂದರೆ ಮಹಾಪರ್ವತ, ಅವರ ದೈವದ ನೆಲೆ. ಕಾಡು ಅವರಿಗೆ ತಲೆತಲಾಂತರದ ಆಸರೆ. ಡೋಲಿ ಹೊರುವವರು ಬರುವುದೂ ಸುತ್ತಲಿನ ಆ ಹಳ್ಳಿಗಳಿಂದಲೇ. 2023ರ ಆಜ್ಞೆಯ ಬೆನ್ನಿಗೇ ಅವರೂ ತಮ್ಮ ಹಕ್ಕನ್ನು ಕೇಳಿ ಸಭೆ ಸೇರಿದರು. 1368ರಲ್ಲಿ ಬುಕ್ಕರಾಯನ ಮುಂದೆ ಎರಡು ಕಡೆಯವರು ನಿಂತಂತೆ ಅಲ್ಲಿಯೂ ಎರಡು ಕಡೆಯವರು ನಿಂತಿದ್ದಾರೆ. ಕೈಯನ್ನು ಕೈಯಲ್ಲಿಡುವ ಕೆಲಸ ಅಲ್ಲಿ ಇನ್ನೂ ಆಗಬೇಕಾಗಿದೆ.