ಮಾಡಿನ ಕೆಳಗಿನ ಪಾಠ

ನಮ್ಮ ಕರಾವಳಿಯಲ್ಲಿ ಶಾಲೆಯೂ ಮಳೆಗಾಲವೂ ಒಟ್ಟಿಗೇ ಶುರುವಾಗುತ್ತವೆ. ಜೂನ್ ತಿಂಗಳಲ್ಲಿ ಮಕ್ಕಳು ಒಂದನೇ ತರಗತಿಯ ಹೊಸ್ತಿಲು ದಾಟುವ ಹೊತ್ತಿಗೆ ಮುಂಗಾರೂ ಬಂದಿರುತ್ತದೆ. ಉಡುಪಿ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅದರ ಬಹುಪಾಲು ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವ ಮಗು ಶಾಲೆಯ ಕನ್ನಡವನ್ನು ಮೊದಲು ಕೇಳುವುದೂ ಅದೇ ತಿಂಗಳುಗಳಲ್ಲಿ. ಕಿವಿಯಿಂದ ಕಲಿಯಬೇಕಾದ ಕಾಲದಲ್ಲೇ ಕಿವಿ ತುಂಬುವ ಸದ್ದು. ಕಾರ್ಕಳದ ಘಟ್ಟದ ಬುಡದಲ್ಲಿಯೂ ಕಾಪುವಿನ ಕಡಲ ಬದಿಯಲ್ಲಿಯೂ ಕನ್ನಡ ಕಲಿಸಿ ನಿವೃತ್ತಳಾದ ನಾನು ನಮ್ಮ ಶಾಲೆಗಳ ಚರಿತ್ರೆಯನ್ನು ಅವುಗಳ ಮಾಡಿನಿಂದಲೇ ಓದುತ್ತೇನೆ. ಇಲ್ಲಿ ಏನು ಕಲಿಸಬೇಕು, ಹೇಗೆ ಕಲಿಸಬೇಕು ಎಂಬುದನ್ನು ಪುಸ್ತಕದಷ್ಟೇ ಮಾಡೂ ತೀರ್ಮಾನಿಸಿದೆ.

ಮೊದಲಿದ್ದದ್ದು ಐಗಳ ಮಠ. ದೇವಸ್ಥಾನದ ಪೌಳಿ, ಅನುಕೂಲಸ್ಥರ ಮನೆಯ ಚಾವಡಿ ಅಥವಾ ಮುಳಿಹುಲ್ಲು ಹೊದಿಸಿದ ಒಂದು ಚಪ್ಪರ. ನೆಲದ ಮೇಲೆ ಹೊಯಿಗೆ ಹರವಿ ಬೆರಳಿನಿಂದ ಅಕ್ಷರ ತಿದ್ದಿಸುವುದು, ಮಗ್ಗಿ ಹೇಳಿಸುವುದು, ಆಮೇಲೆ ಓಲೆಗರಿಯ ಓದು. ಹುಲ್ಲಿನ ಮಾಡಿಗೆ ಒಂದು ಗುಣವಿತ್ತು, ಎಂಥ ಮಳೆ ಬಿದ್ದರೂ ಅದು ಸದ್ದು ಮಾಡುತ್ತಿರಲಿಲ್ಲ. ಆದರೆ ಒಳಗೆ ಬೆಳಕು ಕಡಿಮೆ, ವರ್ಷವರ್ಷವೂ ಹೊಸ ಹುಲ್ಲು ಹೊದಿಸಬೇಕು, ಬೆಂಕಿಯ ಭಯ ಬೇರೆ. ಆ ಚಾವಡಿಗೆ ಎಲ್ಲ ಜಾತಿಯ ಮಕ್ಕಳು ಹತ್ತುವಂತೆಯೂ ಇರಲಿಲ್ಲ. ಹೊರಗೆ ನಿಲ್ಲಿಸಿದ್ದ ಆ ಮಕ್ಕಳಿಗಾಗಿಯೇ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ಬೇರೆ ಶಾಲೆ ಕಟ್ಟಬೇಕಾಯಿತು. ಶಾಲೆಯ ಪರಿಸರ ಎಂದರೆ ಗಾಳಿ ಬೆಳಕು ಎಂದಷ್ಟೇ ತಿಳಿಯುವವರು ಇದನ್ನು ನೆನಪಿಡಬೇಕು. ಮಾಡಿನ ಕೆಳಗೆ ಯಾರಿಗೆ ಜಾಗವಿದೆ ಎಂಬುದೇ ಪರಿಸರದ ಮೊದಲ ಪ್ರಶ್ನೆ.

1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. 1854ರ ವುಡ್ ವರದಿಯ ನಂತರ ಖಾಸಗಿ ಶಾಲೆಗಳಿಗೆ ಸರಕಾರದ ಗ್ರ್ಯಾಂಟು ಸಿಗುವ ದಾರಿ ತೆರೆಯಿತು. 1865ರಲ್ಲಿ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮುಂದೆ ಮಲ್ಪೆಯಲ್ಲೂ ಮಿಷನ್ನಿನ ಹಂಚು ತಯಾರಾಯಿತು. ಶಾಲೆ ನಡೆಸುವ ಕೈಗಳೇ ಹಂಚು ಸುಟ್ಟದ್ದರಿಂದ ಈ ಸೀಮೆಯ ಶಾಲೆಗಳಿಗೆ ಇಂದಿನ ರೂಪ ಬಂತು. ಮುರಕಲ್ಲಿನ ಗೋಡೆ, ಮರದ ಪಕ್ಕಾಸು, ರೀಪಿನ ಮೇಲೆ ಒಂದಕ್ಕೊಂದು ಕಚ್ಚಿಕೊಂಡ ಕೆಂಪು ಹಂಚು, ನಡುನಡುವೆ ಬೆಳಕಿಗೆ ಗಾಜಿನ ಹಂಚು, ಮುಂದೆ ಉದ್ದಕ್ಕೆ ಜಗಲಿ. ಬೇಸಿಗೆಯ ಬಿಸಿಗಾಳಿ ಹಂಚಿನ ಸಂದಿನಿಂದ ಮೇಲಕ್ಕೆ ಹೋಗಿಬಿಡುತ್ತಿತ್ತು. ಹುಲ್ಲಿನಂತಲ್ಲದೆ ಹಂಚು ಮಳೆಗೆ ಸದ್ದು ಮಾಡುತ್ತದೆ; ಆದರೆ ಮಳೆ ಬಿಟ್ಟ ಹೊತ್ತಿನಲ್ಲಿ ಇದಕ್ಕಿಂತ ಒಳ್ಳೆಯ ತರಗತಿಯನ್ನು ನಾನು ಕಂಡಿಲ್ಲ.

ಆದರೆ ಊರವರು, ಬೋರ್ಡಿನವರು ಕಟ್ಟಿಸಿದ ಶಾಲೆಗಳಲ್ಲಿ ಇದ್ದ ಹಣಕ್ಕೆ ಆಗುತ್ತಿದ್ದದ್ದು ಒಂದೇ ಉದ್ದನೆಯ ಹಾಲ್. ಹೊರಗೋಡೆ ಸೊಂಟದೆತ್ತರ, ತರಗತಿಗಳ ನಡುವೆ ಬಿದಿರಿನ ತಟ್ಟಿ, ಇಲ್ಲವೇ ಅದೂ ಇಲ್ಲ. ಮೇ ಕೊನೆಯಲ್ಲಿ ಗಾಳಿ ಬರುವ ಬದಿಗೆ ಮಡಲು ಕಟ್ಟಿದರೂ ಎರಚಲು ಒಳಗೆ ಬಂದು ಮಕ್ಕಳು ನಡುವಿಗೆ ಸರಿಯುತ್ತಿದ್ದರು. ಒಂದು ಕಡೆ ಮಗ್ಗಿ, ಒಂದು ಕಡೆ ಪದ್ಯ, ಇನ್ನೊಂದು ಕಡೆ ಸಮಾಜ. ಇಂಥ ಹಾಲ್‌ನಲ್ಲಿ ಮೌನವಾಗಿ ಓದಿಸುವುದು, ಒಂದು ಮಗುವಿನ ಪ್ರಶ್ನೆಗೆ ನಿಂತು ಉತ್ತರಿಸುವುದು ಕಷ್ಟ. ಎಲ್ಲರೂ ಒಟ್ಟಿಗೆ ಕೂಗಿ ಹೇಳುವ ಬಾಯಿಪಾಠವೊಂದೇ ಗದ್ದಲವನ್ನು ಗೆಲ್ಲುತ್ತಿತ್ತು. ನಮ್ಮ ಹಿಂದಿನ ಮಾಷ್ಟ್ರುಗಳು ಬಾಯಿಪಾಠಕ್ಕೆ ಅಂಟಿಕೊಂಡದ್ದನ್ನು ಕೆಲವರು ಅವರ ಅಜ್ಞಾನ ಎನ್ನುತ್ತಾರೆ. ಗೋಡೆ ಕೊಡದೆ ವಿಧಾನವನ್ನು ದೂರುವುದು ನ್ಯಾಯವಲ್ಲ.

ಇದೇ ಸೀಮೆಯಲ್ಲಿ ಶಾಲಾ ಇನ್‌ಸ್ಪೆಕ್ಟರರಾಗಿ ಊರೂರು ತಿರುಗಿದ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಹಾಡು ಬರೆದದ್ದರ ಬೆಲೆ ನನಗೆ ಪೂರ್ತಿ ತಿಳಿದದ್ದು ತರಗತಿಯಲ್ಲೇ. ಹಾಡು ಮಳೆಯ ಸದ್ದನ್ನು ದಾಟಿ ಹೋಗುತ್ತದೆ; ತಾಳವಿರುವ ಮಾತು ಅರ್ಧ ಕೇಳಿಸಿದರೂ ಮಗು ಉಳಿದರ್ಧವನ್ನು ತುಂಬಿಕೊಳ್ಳುತ್ತದೆ. ಅವರಿಗಿಂತ ಸ್ವಲ್ಪ ಹಿಂದೆ, 1870ರಲ್ಲಿ ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ ಉಡುಪಿ, ಕುಂದಾಪುರಗಳ ಶಾಲೆಗಳಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದರು. ಕನ್ನಡ ನಾಡು ಅವರನ್ನು ಕವಿ ಮುದ್ದಣ ಎಂದು ತಿಳಿದದ್ದು ಆಮೇಲೆ. ಕ್ಷಯದಿಂದ 1901ರಲ್ಲಿ ತೀರಿಕೊಂಡ ಆ ಬಡ ಡ್ರಿಲ್ ಮಾಷ್ಟ್ರ ಪಾಠದ ಮನೆ ಶಾಲೆಯ ಅಂಗಳ. ಅಂಗಳವೂ ತರಗತಿಯೇ ಎಂಬ ತಿಳಿವಳಿಕೆ ನಮ್ಮಲ್ಲಿ ಅಷ್ಟು ಹಳೆಯದು.

ಕೋಣೆಯ ಕೊರತೆ ಶಿಕ್ಷಣದ ನೀತಿಯನ್ನೇ ತಿರುಗಿಸಿದ ಸಂದರ್ಭವೂ ಇದೆ. ಉಡುಪಿಯೂ ಸೇರಿದ್ದ ದಕ್ಷಿಣ ಕನ್ನಡ ಆಗ ಮದ್ರಾಸ್ ರಾಜ್ಯದಲ್ಲಿತ್ತು. 1953ರಲ್ಲಿ ರಾಜಾಜಿಯವರ ಸರಕಾರ ಹಳ್ಳಿಗಳ ಪ್ರಾಥಮಿಕ ಶಾಲೆಗಳಿಗೆ ದಿನಕ್ಕೆ 3 ಗಂಟೆಯ ಪಾಳಿ ತಂದಿತು. ಇದ್ದ ಕಟ್ಟಡ, ಇದ್ದ ಶಿಕ್ಷಕರಲ್ಲೇ ಹೆಚ್ಚು ಮಕ್ಕಳಿಗೆ ಕಲಿಸುವುದು, ಉಳಿದ ಹೊತ್ತು ಮಕ್ಕಳು ಮನೆಯ ಕಸುಬು ಕಲಿಯುವುದು ಎಂಬ ಯೋಜನೆ. ಇದು ಮಕ್ಕಳನ್ನು ಮರಳಿ ಕುಲಕಸುಬಿಗೆ ಕಟ್ಟುತ್ತದೆ ಎಂಬ ವಿರೋಧ ಎದ್ದಿತು; 1954ರಲ್ಲಿ ಕಾಮರಾಜರ ಸರಕಾರ ಅದನ್ನು ಕೈಬಿಟ್ಟಿತು. ಕೋಣೆ ಸಾಲದಾಗ ಮೊದಲು ಕಡಿತವಾಗುವುದು ಬಡವರ ಮಕ್ಕಳ ಕಲಿಕೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ಅದೇ 1953ರಲ್ಲಿ ಮಣಿಪಾಲದ ಬೋಳುಗುಡ್ಡೆಯ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾಯಿತು. ಡಾ. ಟಿ.ಎಂ.ಎ. ಪೈಯವರು 1942ರಲ್ಲಿ ಕಟ್ಟಿದ ಅಕಾಡೆಮಿ ಎಂಬ ಶಿಕ್ಷಣ ಸಂಸ್ಥೆಯ ಬೆನ್ನಿಗೆ 1949ರಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜು, 1960ರಲ್ಲಿ ಕಾರ್ಕಳದ ಭುವನೇಂದ್ರ ಕಾಲೇಜು ಬಂದವು. ನೀರು ನೆರಳಿಲ್ಲದ ಮುರಕಲ್ಲಿನ ಮೇಲೆ ಇಂಥ ಪರಿಸರ ಕಟ್ಟಿದ ಸೀಮೆ ನಮ್ಮದು. ಆ ಗುಡ್ಡೆಯ ಕೆಳಗಿನ ಒಂದನೇ ತರಗತಿಯ ಮಾಡಿನ ಬಗ್ಗೆ ಅಷ್ಟೇ ಛಲ ನಮಗೇಕೆ ಬರಲಿಲ್ಲ ಎಂಬ ನೋವು ನನ್ನನ್ನು ಬಿಟ್ಟಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯ ಮಾಷ್ಟ್ರೊಬ್ಬರು, “ಮಳೆ ಜೋರಾದರೆ ಉಕ್ತಲೇಖನ ಕೊಡಬೇಡಿ ಟೀಚರ್, ಮಗ್ಗಿ ಹೇಳಿಸಿ” ಎಂದಿದ್ದರು. ಅದರ ಅರ್ಥ ಮಕ್ಕಳ ಸ್ಲೇಟಿನಲ್ಲಿ ಕಂಡಿತು. ಹಳ್ಳಿ ಎಂದರೆ ಹಲ್ಲಿ, ಬೆಳೆ ಎಂದರೆ ಬೆಲೆ. ತುಳುವಿನ ಮನೆಮಾತಿನಲ್ಲಿ ಲಕಾರ ಳಕಾರ ಎಷ್ಟೋ ಮಕ್ಕಳಿಗೆ ಒಂದೇ. ಆ ಸಣ್ಣ ವ್ಯತ್ಯಾಸ ಮೊದಲು ಕಿವಿಗೆ ಬೀಳಬೇಕು. ಹಿಂದಿನ ಸಾಲಿನಿಂದ “ಕೇಣುಜಿ ಟೀಚರ್” ಎಂಬ ಕೂಗು ಬರುತ್ತಿತ್ತು. ಕೇಳುವುದಿಲ್ಲ ಎಂದು ಹೇಳುವಷ್ಟು ಧೈರ್ಯವಿದ್ದ ಮಗು ಪಾರಾಗುತ್ತಿತ್ತು. ನೀರುಕಡ್ಡಿಯಿಂದ ಸ್ಲೇಟು ಒರೆಸುತ್ತ ಸುಮ್ಮನೆ ಕೂತ ಮಗುವಿಗೆ ದಡ್ಡ ಎಂಬ ಹೆಸರು ಬರುತ್ತಿತ್ತು. ಮಳೆ ನಿಂತ ಅಕ್ಟೋಬರಿನಲ್ಲಿ ಅಂಥ ಮಕ್ಕಳು ಕಣ್ಣೆದುರೇ ಅರಳುವುದನ್ನು ನಾನು ನೋಡಿದ್ದೇನೆ.

1987ರ ಆಪರೇಶನ್ ಬ್ಲ್ಯಾಕ್‌ಬೋರ್ಡ್ ಪ್ರತಿ ಪ್ರಾಥಮಿಕ ಶಾಲೆಗೂ ಎಲ್ಲ ಕಾಲಕ್ಕೂ ತಾಳುವ ಎರಡು ಕೋಣೆ ಮತ್ತು ಅಗಲದ ಜಗಲಿ ಇರಬೇಕೆಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಒಬ್ಬ ಶಿಕ್ಷಕರಿಗೆ ಒಂದು ತರಗತಿ ಕೋಣೆ ಎಂದಿತು. ಇವು ದೊಡ್ಡ ಹೆಜ್ಜೆಗಳೇ. ಆದರೆ ಹಂಚು ಒಡೆದು ಪಕ್ಕಾಸು ಕುಂಬಾದ ಕಡೆ ಈಗ ತಗಡಿನ ಶೀಟು ಏರುತ್ತಿದೆ. ಅದು ಸೋರುವುದಿಲ್ಲ, ಕೆಲಸ ಬೇಗ ಮುಗಿಯುತ್ತದೆ. ಆದರೆ ಜುಲೈ ಮಳೆಗೆ ಅದರ ಕೆಳಗೆ ಪಾಠ ನಿಂತೇ ಹೋಗುತ್ತದೆ. ಅಮೆರಿಕದಲ್ಲಿ 2002ರಲ್ಲಿ ರೂಪಿಸಿದ ಮಾನದಂಡದ ಪ್ರಕಾರ ಖಾಲಿ ತರಗತಿಯ ಹಿನ್ನೆಲೆ ಸದ್ದು 35 ಡೆಸಿಬಲ್ ದಾಟಬಾರದು. ಅಲ್ಲಿ ಕೇಳಿಸುವಿಕೆಗೂ ಒಂದು ಅಳತೆ ಇಟ್ಟಿದ್ದಾರೆ. ನಮ್ಮಲ್ಲಿ ಸೋರುವಿಕೆಯನ್ನಷ್ಟೇ ನೋಡಿ ಬಿಲ್ಲು ಪಾಸಾಗುತ್ತದೆ.

ಊರ ಶಾಲೆಗಳು ಒಂದೊಂದಾಗಿ ಶತಮಾನೋತ್ಸವ ಆಚರಿಸುತ್ತಿವೆ. ಮುಂಬೈ, ಬೆಂಗಳೂರು, ಗಲ್ಫಿನಲ್ಲಿರುವ ಹಳೆ ವಿದ್ಯಾರ್ಥಿಗಳು ಪ್ರೀತಿಯಿಂದ ರಂಗಮಂದಿರ, ಮಹಾದ್ವಾರ ಕಟ್ಟಿಸಿಕೊಡುತ್ತಾರೆ. ಅವರಲ್ಲಿ ನನ್ನದು ಒಂದೇ ಕೋರಿಕೆ. ಮೊದಲ ದುಡ್ಡು ಒಂದನೇ ತರಗತಿಯ ಮಾಡಿಗೆ ಹೋಗಲಿ. ಹಂಚಿದ್ದರೆ ಹಂಚನ್ನೇ ಉಳಿಸಿ, ಮೇ ತಿಂಗಳಲ್ಲೇ ಕೈಯಾಡಿಸಿ. ಶೀಟು ಹಾಕಿದ್ದರೆ ಕೆಳಗೊಂದು ಸೀಲಿಂಗ್ ಕಟ್ಟಿಸಿ. ಶಾಲೆಯಲ್ಲಿ ಹೆಚ್ಚು ಶಾಂತವಾದ ಕೋಣೆಯನ್ನು ಆಫೀಸಿಗೆ, ಕಂಪ್ಯೂಟರಿಗೆ ಕೊಡದೆ ಅತಿ ಚಿಕ್ಕ ಮಕ್ಕಳಿಗೆ ಕೊಡಿ. ಆಗ ಜೂನ್ ತಿಂಗಳ ಮಗುವಿಗೂ ಹಳ್ಳಿ ಹಳ್ಳಿಯಾಗಿಯೇ ಕೇಳಿಸುತ್ತದೆ. ಉಳಿದದ್ದನ್ನು ಕಲಿಸಲು ನಮ್ಮ ಟೀಚರುಗಳು ಸಾಕು.